ಮಾತ್ರೆ ಕೊಡುವ ಮುನ್ನ

ದೇವರೇ, ಈ ಉಪಕೇಂದ್ರದ ಬೀರುವಿನಲ್ಲಿರುವುದೆಲ್ಲ ದಿನನಿತ್ಯದ ಔಷಧಿಗಳೇ. ಜ್ವರಕ್ಕೆ ಪ್ಯಾರಾಸಿಟಮಾಲ್, ಭೇದಿಗೆ ಓಆರ್‌ಎಸ್ ಮತ್ತು ಜಿಂಕ್, ಬಿಪಿಗೆ ಅಮ್ಲೋಡಿಪಿನ್, ಶುಗರ್‌ಗೆ ಮೆಟ್‌ಫಾರ್ಮಿನ್. ಬಿಪಿ, ಶುಗರ್ ಮಾತ್ರೆ ಬರೆದುಕೊಡುವವರು ಪಿಎಚ್‌ಸಿ ಡಾಕ್ಟರು. ತಿಂಗಳು ತಿಂಗಳು ಪರೀಕ್ಷೆ ಮಾಡಿ ಕೊಡುವುದು, ಏರುಪೇರಾದರೆ ಅವರಿಗೆ ತಿಳಿಸುವುದು ನರ್ಸಿಂಗ್ ಓದಿ ಸಮುದಾಯ ಆರೋಗ್ಯ ಅಧಿಕಾರಿಯಾದ ನನ್ನ ಕೆಲಸ. ಕೈ ಬೀರುವಿಗೆ ಹೋಗುವ ಮುನ್ನ ಬಾಯಿಗೆ ಪ್ರಶ್ನೆ ಬರಲಿ. ಹೊರಗೆ ಎಷ್ಟು ಜನ ಕಾಯುತ್ತಿದ್ದರೂ ಬರಲಿ. ಇಷ್ಟೇ ನನ್ನ ಬೇಡಿಕೆ.

"ಮನೇಲಿ ಜ್ವರದ ಔಷಧಿ ಇತ್ತು, ಒಂದ್ ಚಮಚ ಹಾಕ್ದೆ ಸಿಸ್ಟರ್" ಎಂದು ಎಂಟು ಕಿಲೋ ತೂಗುವ ಕೂಸಿನ ತಾಯಿ ಹೇಳಿದಾಗ, ಆ ಬಾಟಲಿ ತರಿಸಿ ಓದುವ ತಾಳ್ಮೆ ಕೊಡು. ಆ ಕೂಸಿಗೆ ಒಂದು ಸಲಕ್ಕೆ 80ರಿಂದ 120 ಮಿಲಿಗ್ರಾಂ ಸಾಕು. ಸಿರಪ್ಪಾದರೆ ಸಾಮಾನ್ಯವಾಗಿ 5 ಮಿಲಿಯಲ್ಲಿ 120 ಇರುತ್ತದೆ. ಡ್ರಾಪ್ಸಾದರೆ 1 ಮಿಲಿಯಲ್ಲೇ 100. ಡ್ರಾಪ್ಸನ್ನು ಚಮಚದಲ್ಲಿ ಅಳೆದರೆ 500 ಒಳಗೆ ಹೋಯಿತು. ಎರಡರ ಮೇಲೂ ಹೆಸರು ಒಂದೇ, ಅಂಕಿ ಮಾತ್ರ ಸಣ್ಣಕ್ಷರದಲ್ಲಿ. ಆ ತಾಯಿಯನ್ನು ಗದರದೆ, ಮುಚ್ಚಳದ ಗೆರೆಯನ್ನು ಬೆರಳಿಟ್ಟು ತೋರಿಸುವ ಮೃದುತನವನ್ನೂ ಕೊಡು.

ಪುಟ್ಟ ಮಕ್ಕಳ ನೆಗಡಿಗೆ ಸಿರಪ್ ಕೇಳಿದರೆ ಬೇಡವೆನ್ನುವ ಧೈರ್ಯ ಬೇಕು. ಕ್ಲೋರ್‌ಫೆನಿರಮೈನ್, ಫಿನೈಲ್‌ಎಫ್ರಿನ್ ಬೆರೆತ ಔಷಧಿಯನ್ನು 4 ವರ್ಷದೊಳಗಿನವರಿಗೆ ಕೊಡಬಾರದೆಂದು ಲೇಬಲ್ಲಿನಲ್ಲೇ ಅಚ್ಚು ಹಾಕಿಸಲು 2023ರಲ್ಲಿ ಆದೇಶವಾಗಿದೆ.

ಬಿಪಿ ಮಾತ್ರೆಗೆ ಬರುವ ಹರೆಯದ ಹೆಣ್ಣುಮಗಳನ್ನು "ಮುಟ್ಟು ಯಾವಾಗ ಆಗಿತ್ತಮ್ಮ?" ಎಂದು ಕೇಳಲು ಮರೆಯದಿರಲಿ. ಎನಾಲಪ್ರಿಲ್, ಟೆಲ್ಮಿಸಾರ್ಟಾನ್ ಬಸುರಿಗೆ ಸಲ್ಲದು, ಹೊಟ್ಟೆಯಲ್ಲಿರುವ ಕೂಸಿನ ಕಿಡ್ನಿಗೇ ಪೆಟ್ಟು. ಲ್ಯಾಬೆಟಲಾಲ್, ನಿಫೆಡಿಪಿನ್ ಇವೆ, ಡಾಕ್ಟರು ಬದಲಿಸಿಕೊಡುತ್ತಾರೆ. ಅತ್ತೆ ಪಕ್ಕದಲ್ಲೇ ಕೂತಿದ್ದರೆ ಆ ಹೆಣ್ಣುಮಗಳನ್ನು ಒಳಗೆ ಕರೆದು ಕೇಳುವ ಜಾಣತನ ಇರಲಿ. ಸಂಶಯ ಬಂದ ಕಡೆ ಡಾಕ್ಟರಿಗೆ ಫೋನ್ ಮಾಡಲು ನನಗೆ ಸಂಕೋಚ ಬೇಡ, ರೋಗಿಯ ಎದುರಿನಲ್ಲೇ ಆದರೂ.

ಇನ್ನು ಮಂಡಿ ನೋವಿನ ಅಜ್ಜ. ಇವರದೇ ನನಗೆ ಹೆಚ್ಚು ಚಿಂತೆ. ಬಿಪಿಗೆ ಎನಾಲಪ್ರಿಲ್, ಕಾಲಿನ ಬಾವಿಗೆ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುತ್ತಿದ್ದಾರೆ. ಅದರ ಮೇಲೆ ನೋವಿಗೆಂದು ಡೈಕ್ಲೋಫೆನಾಕ್ ಬಿದ್ದರೆ ಮೂರೂ ಸೇರಿ ಕಿಡ್ನಿಯನ್ನು ಕೆಡಿಸಬಲ್ಲವು. ಬಿಸಿಲಲ್ಲಿ ದುಡಿದು ನೀರು ಕಡಿಮೆ ಕುಡಿಯುವ ಮೈಗೆ ಅಪಾಯ ಇನ್ನೂ ಬೇಗ. ಅವರ ಎಲೆಅಡಿಕೆ ಚೀಲದಲ್ಲಿ ಕತ್ತರಿಸಿದ ಸ್ಟ್ರಿಪ್ ಚೂರುಗಳಿದ್ದವು. ಒಂದರಲ್ಲೂ ಪೂರ್ತಿ ಹೆಸರಿಲ್ಲ, ತಾರೀಖಿಲ್ಲ. "ಒಂದ್ ಸೂಜಿ ಹಾಕಮ್ಮ, ಹೋಗ್ತೀನಿ" ಎಂದರು. ಪ್ಯಾರಾಸಿಟಮಾಲ್ ಕೊಟ್ಟೆ, ಮಂಡಿಗೆ ಶಾಖ ಕೊಡಲು ಹೇಳಿದೆ, ಗುರುವಾರ ಡಾಕ್ಟರ ಹತ್ತಿರ ಹೋಗಲು ಚೀಟಿ ಬರೆದೆ. ಮುಖ ಸಿಂಡರಿಸಿಕೊಂಡು ಹೋದರು.

ಅವರ ನೋವು ಸುಳ್ಳಲ್ಲ, ದೇವರೇ. ದಾರಿಯಲ್ಲಿ ಮೆಡಿಕಲ್ ಶಾಪ್ ಇದೆ. ಅಲ್ಲಿ ನಿಂತವನಿಗೆ "ಬಿಪಿ ಮಾತ್ರೆ ತಗೋತೀಯಾ ಅಜ್ಜ?" ಎಂದು ಕೇಳುವ ಬುದ್ಧಿ ಕೊಡು. ಗುರುವಾರ ಅಜ್ಜ ಆ ಚೀಲವನ್ನು ಹಾಗೇ ತೆಗೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಲಿ.