ಮಾನ, ಮೌನ

ನಮ್ಮ ಭಾಷೆಯಲ್ಲಿ ‘ಮಾನ’ ಎಂಬುದು ವಿಚಿತ್ರವಾದ ಮಾತು. ಸಭೆಯಲ್ಲಿ ಹಾರ ಹಾಕಿಸಿಕೊಂಡವನಿಗೆ ದೊರೆತದ್ದೂ ಮಾನ. ಬಟ್ಟೆಯಿಲ್ಲದವನು ಎರಡು ಕೈಗಳಿಂದ ಮುಚ್ಚಿಕೊಳ್ಳುವುದೂ ಮಾನವೇ. ಇಪ್ಪತ್ತು ವರ್ಷ ಕನ್ನಡ ಪಾಠ ಹೇಳಿದ ನನಗೆ ಈ ಎರಡು ಅರ್ಥಗಳ ನಂಟು ಹೊಳೆದದ್ದು, ನಲವತ್ತಾರನೆಯ ವಯಸ್ಸಿನಲ್ಲಿ ಒಂದು ಕಾಯಿಲೆ ಬಂದಾಗ.

ಅದರ ಹೆಸರು ಪೆರೋನಿ ರೋಗ. ಫ್ರಾನ್ಸಿನ ದೊರೆ ಹದಿನೈದನೆಯ ಲೂಯಿಯ ಶಸ್ತ್ರವೈದ್ಯನಾಗಿದ್ದ ಲಾ ಪೆರೋನಿ 1743ರಲ್ಲಿ ಅದನ್ನು ವಿವರಿಸಿ ಬರೆದ. ಹೆಸರು ಅವನಿಂದ ಬಂತು. ಗಂಡಸಿನ ಜನನೇಂದ್ರಿಯದೊಳಗೆ ಮಾಯ್ದ ಗಾಯದ ಕಲೆಯಂಥ ಗಟ್ಟಿ ಪದರವೊಂದು ಬೆಳೆದು, ಉದ್ರೇಕವಾದಾಗ ಅದು ಒಂದು ಕಡೆಗೆ ಬಾಗುತ್ತದೆ, ನೋವೂ ಉಂಟು. ಪುರವಣಿಯಲ್ಲಿ ಇಂಥ ವಾಕ್ಯ ಬರೆಯಲು ನನಗೆ ಸಂಕೋಚವೇ. ಮೊದಲ ಕರಡಿನಲ್ಲಿ ‘ಆ ಭಾಗ’ ಎಂದಷ್ಟೇ ಬರೆದಿದ್ದೆ. ಆಮೇಲೆ ಹೊಡೆದುಹಾಕಿದೆ.

ಏಳು ತಿಂಗಳು ಯಾರಿಗೂ ಹೇಳಲಿಲ್ಲ. ಕ್ಯಾನ್ಸರ್ ಇರಬಹುದೆಂದು ಹೆದರಿದೆ. ಹರೆಯದ ಯಾವುದೋ ತಪ್ಪಿಗೆ ದಂಡನೆಯಿರಬಹುದೆಂದು, ಎಂ.ಎ. ಓದಿದವನು, ನಂಬಿದೆ. ಬಸ್ ನಿಲ್ದಾಣದ ಗೋಡೆಯ ಮೇಲಿನ ‘ಗುಪ್ತರೋಗ’ದ ಜಾಹೀರಾತಿನಿಂದ ಒಂದು ನಂಬರನ್ನು ಗುರುತುಹಾಕಿಕೊಂಡದ್ದೂ ಉಂಟು, ಪುಣ್ಯಕ್ಕೆ ಅಲ್ಲಿಗೆ ಹೋಗಲಿಲ್ಲ. ಉತ್ತರಪತ್ರಿಕೆ ತಿದ್ದುವುದಿದೆ ಎಂದು ಹಾಸಿಗೆಯನ್ನು ನಡುಮನೆಗೆ ಸಾಗಿಸಿದೆ. ಉತ್ತರಪತ್ರಿಕೆಗಳು ನಿಜವಾಗಿಯೂ ಇದ್ದವು. ಹೆಂಡತಿ ಏನೂ ಕೇಳಲಿಲ್ಲ. ನಾನು ಸುಳ್ಳು ಹೇಳಲಿಲ್ಲ. ಹೀಗೆಂದು ಸಮಾಧಾನ ಮಾಡಿಕೊಂಡಿದ್ದೆ.

ಆಗ ತರಗತಿಯಲ್ಲಿ ರಾಘವಾಂಕನ ಹರಿಶ್ಚಂದ್ರಕಾವ್ಯ ನಡೆಯುತ್ತಿತ್ತು. ಕೊಟ್ಟ ಮಾತಿಗಾಗಿ ಹೆಂಡತಿ ಮಗನನ್ನೇ ಮಾರಿದವನ ಕತೆ ಹೇಳುತ್ತಾ, ಆಡದೆ ಉಳಿದ ಮಾತಿಗೆ ಸತ್ಯಾಸತ್ಯದ ಲೆಕ್ಕ ಯಾವುದೆಂದು ಯೋಚಿಸುತ್ತಿದ್ದೆ. ಕೇಳದವರಿಗೆ ಹೇಳಬೇಕಾದ ಕರ್ತವ್ಯವುಂಟೆ? ನನ್ನ ಮೈ ನನ್ನದು. ಅದರ ಸುದ್ದಿ ಇನ್ನೊಬ್ಬರಿಗೆ ನಾನು ಸಲ್ಲಿಸಬೇಕಾದ ಸಾಲವೆ?

ಕೊನೆಗೆ ನೋವೇ ನನ್ನನ್ನು ಮೂತ್ರಾಂಗಗಳ ತಜ್ಞರಲ್ಲಿಗೆ ಅಟ್ಟಿತು. “ಸೈಕಲ್ ಟ್ಯೂಬಿಗೆ ತೇಪೆ ಹಾಕಿ ಗಾಳಿ ತುಂಬಿ ನೋಡಿದ್ದೀರಾ ಮೇಷ್ಟ್ರೇ?” ಎಂದರು. “ತೇಪೆ ಹಿಗ್ಗುವುದಿಲ್ಲ, ಉಳಿದದ್ದು ಹಿಗ್ಗುತ್ತದೆ. ಟ್ಯೂಬು ತೇಪೆಯ ಕಡೆಗೇ ಡೊಂಕಾಗುತ್ತದೆ. ಇದೂ ಅಷ್ಟೆ.” ಒಳಗಿನ ಗಟ್ಟಿ ಹೊದಿಕೆಗೆ ಗೊತ್ತಿಲ್ಲದೆಯೇ ಸಣ್ಣ ಪೆಟ್ಟುಗಳಾಗಿ, ಅವು ಮಾಯುವಾಗ ನಾರು ಅತಿಯಾಗಿ ಬೆಳೆದು ತೇಪೆಯಾಗುವುದೆಂದು ವೈದ್ಯರು ಭಾವಿಸುತ್ತಾರೆ. ಕ್ಯಾನ್ಸರ್ ಅಲ್ಲ, ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ, ಪಾಪದ ಫಲವಂತೂ ಅಲ್ಲ. ಸಾಮಾನ್ಯವಾಗಿ ಮೊದಲ ಒಂದು, ಒಂದೂವರೆ ವರ್ಷ ಬದಲಾಗುತ್ತಿದ್ದು ಆಮೇಲೆ ನಿಲ್ಲುತ್ತದೆ. ನೋವು ಬಹುಮಟ್ಟಿಗೆ ತಾನೇ ಹೋಗುತ್ತದೆ. ಡೊಂಕು ತಾನಾಗಿ ಪೂರ್ತಿ ಹೋಗುವುದು ಅಪರೂಪ. ಹೆಚ್ಚು ಬಾಗಿದವರಿಗೆ ಎಳೆದು ನೇರಗೊಳಿಸುವ ಸಾಧನ, ತೇಪೆಯೊಳಕ್ಕೇ ಕೊಡುವ ಚುಚ್ಚುಮದ್ದು, ಡೊಂಕು ಸ್ಥಿರವಾದ ಮೇಲೆ ಶಸ್ತ್ರಚಿಕಿತ್ಸೆ, ಇವೆಲ್ಲ ಇವೆ. ಏನೂ ಬೇಡದವರೂ ಇದ್ದಾರೆ.

ಹೊರಡುವಾಗ ಅವರು ನನ್ನ ಅಂಗೈ ಹಿಡಿದು ನೋಡಿದರು. ಇದೇ ಬಗೆಯ ನಾರು ಅಂಗೈಯಲ್ಲಿ ಬೆಳೆದು ಉಂಗುರದ ಬೆರಳನ್ನು ಮಡಿಸಿಬಿಡುವುದುಂಟು. ಕೆಲವರಿಗೆ ಎರಡೂ ಇರುತ್ತವೆ. ನನ್ನ ಬೆರಳುಗಳು ನೆಟ್ಟಗಿದ್ದವು. ಮಡಿಸಿದ್ದರೆ, ಅಧ್ಯಾಪಕರ ಕೊಠಡಿಯಲ್ಲಿ ಹತ್ತು ಜನಕ್ಕೆ ತೋರಿಸಿ, ಹತ್ತು ಬಗೆಯ ಎಣ್ಣೆಗಳ ಹೆಸರು ಕೇಳಿಕೊಂಡು ಬರುತ್ತಿದ್ದೆ. ಅದೇ ನಾರು, ಅದೇ ಡೊಂಕು. ಒಂದನ್ನು ಕಾಫಿ ಕುಡಿಯುತ್ತಾ ತೋರಿಸುವವನು ಇನ್ನೊಂದಕ್ಕೆ ಏಳು ತಿಂಗಳು ನಿದ್ದೆಗೆಟ್ಟೆ.

ಹಾಗೆಂದು ಲಜ್ಜೆಯನ್ನು ಹಳಿಯಲಾರೆ. ಎಲ್ಲವನ್ನೂ ಎಲ್ಲರೆದುರು ಬಿಚ್ಚಿಡುವುದೇ ಪ್ರಾಮಾಣಿಕತೆಯೆಂಬ ಮತ ನನಗೆ ಒಪ್ಪಿಗೆಯಿಲ್ಲ. ಸಹೋದ್ಯೋಗಿಗಳಿಗೆ ಹೇಳದೆ ಇದ್ದದ್ದಕ್ಕೆ ಈಗಲೂ ಪಶ್ಚಾತ್ತಾಪವಿಲ್ಲ. ಆದರೆ ನನ್ನ ಮೌನಕ್ಕೆ ದಂಡ ತೆರುತ್ತಿರುವವರು ಯಾರೆಂದು ನೋಡಬೇಕಾಗಿತ್ತು, ನೋಡಲಿಲ್ಲ.

ಅಂದು ರಾತ್ರಿ ಹೆಂಡತಿಗೆ ಹೇಳಿದೆ. “ಇಷ್ಟೇನಾ?” ಎಂದು ನಗುತ್ತಾಳೆಂದುಕೊಂಡಿದ್ದೆ. ನಗಲಿಲ್ಲ. ಬಹಳ ಹೊತ್ತಿನ ಮೇಲೆ, “ನಿಮಗೆ ನಾನು ಬೇಡವಾದೆ ಅಂದುಕೊಂಡಿದ್ದೆ. ಯುಗಾದಿಗೆ ಅಮ್ಮನ ಮನೆಗೆ ಹೋದೆನಲ್ಲ, ಅಲ್ಲೇ ಉಳಿದುಬಿಡೋಣ ಅನ್ನಿಸಿತ್ತು” ಎಂದಳು. ಏಳು ತಿಂಗಳು ಅವಮಾನವನ್ನು ಅನುಭವಿಸಿದವಳು ಅವಳು. ಕಾರಣ ಮಾತ್ರ ಅವಳಿಗೆ ತಿಳಿದಿರಲಿಲ್ಲ. ನಾನು ಕೇಳಿಕೊಳ್ಳುತ್ತಿದ್ದ ಸಾಲದ ಪ್ರಶ್ನೆಗೆ ಉತ್ತರ ಮನೆಯಲ್ಲೇ, ಪಕ್ಕದ ಕೋಣೆಯಲ್ಲೇ ಇತ್ತು.

ಇದೆಲ್ಲ ಆಗಿ ಎರಡು ವರ್ಷ. ನೋವು ಹೋಗಿದೆ, ಡೊಂಕು ಸ್ವಲ್ಪ ಉಳಿದಿದೆ. ಶಸ್ತ್ರಚಿಕಿತ್ಸೆ ಬೇಕಾಗಲಿಲ್ಲ. ಹಾಸಿಗೆ ಒಳಕೋಣೆಗೆ ಮರಳಿದೆ.

ಈ ಬರಹವನ್ನು ಕಳಿಸುವ ಮುಂಚೆ ಅವಳಿಗೆ ಓದಿ ಹೇಳಿದೆ. “ಹುಡುಗರು ಓದಿದರೆ?” ಎಂದಳು. ಓದಲಿ ಎಂದೆ. ಸ್ವಲ್ಪ ಯೋಚಿಸಿ, ಎರಡು ವಾಕ್ಯ ತೆಗೆಯಿರಿ ಎಂದಳು. ತೆಗೆದಿದ್ದೇನೆ.