ಹಂಗಿನ ಹೂವು

ಧಾರವಾಡದ ಪೂರ್ವಕ್ಕೆ ಎರೆಭೂಮಿ, ಜೋಳದ ಹೊಲ. ಪಶ್ಚಿಮಕ್ಕೆ ಅಳ್ನಾವರ ದಾಟಿದರೆ ಹಳಿಯಾಳ, ದಾಂಡೇಲಿಯ ಕಾಡು. ಜೋಳದ ಬೇರಿಗೆ ಬಾಯಿ ಹಾಕಿ ಬೆಳೆಯುವ ಸ್ಟ್ರೈಗಾ ಕಳೆಯನ್ನು ರೈತರು ಕಂಡಲ್ಲಿ ಕೀಳುತ್ತಾರೆ, ಕೀಳಲೇಬೇಕು. ಅದರದೇ ಕುಟುಂಬಕ್ಕೆ ಸೇರಿದ ಏಜಿನೇಷಿಯಾ ಇಂಡಿಕಾ ಉತ್ತರ ಕನ್ನಡದ ಕಾಡುಗಳಲ್ಲಿ ಹುಲ್ಲು, ಬಿದಿರಿನ ಬೇರು ಹಿಡಿದು ಮಳೆಗಾಲದಲ್ಲಿ ಅರಳುತ್ತದೆ. ಇದನ್ನು ಮಾತ್ರ ಉಳಿಸಬೇಕು ಎನ್ನುವುದು ನ್ಯಾಯವೇ?

ಏಜಿನೇಷಿಯಾ ಕಣ್ಣಿಗೆ ಬೀಳುವುದೇ ಅಪರೂಪ. ಹಸಿರೆಲೆ ಒಂದೂ ಇಲ್ಲ. ಒದ್ದೆ ನೆಲದಿಂದ ನೇರ ಎದ್ದ ಗೇಣುದ್ದದ ದಂಟು. ಅದರ ತುದಿಗೆ ಒಂದೇ ಹೂವು, ತಲೆ ಬಾಗಿಸಿದ ನೇರಳೆಗೆಂಪಿನ ಕೊಳವೆ. ಪತ್ರಹರಿತ್ತು ಇಲ್ಲದ್ದರಿಂದ ಬಿಸಿಲಿನಿಂದ ಅನ್ನ ಮಾಡಿಕೊಳ್ಳಲಾರದು. ನೀರು, ಸಕ್ಕರೆ ಎಲ್ಲವೂ ಪಕ್ಕದ ಬೇರಿನಿಂದಲೇ ಬರಬೇಕು. ಬೀಜ ಧೂಳಿನಷ್ಟು ಸಣ್ಣದು.

ದುಡಿಯದೆ ಉಣ್ಣುವುದನ್ನು ಒಪ್ಪದ ನಾಡು ನಮ್ಮದು. 12ನೇ ಶತಮಾನದ ಶರಣರು ಕಾಯಕವನ್ನೇ ದೊಡ್ಡದೆಂದರು. ಆದರೆ ಅದು ಮನುಷ್ಯರಿಗೆ ಹೇಳಿದ ಮಾತು. ದುಡಿಯಬಲ್ಲವನು ದುಡಿಯದಿದ್ದರೆ ತಪ್ಪು. ಬೇರೆ ದಾರಿಯೇ ಇಲ್ಲದ ಗಿಡಕ್ಕೆ ಸೋಮಾರಿತನದ ಆರೋಪ ಹೊರಿಸುವುದು ನಮ್ಮ ನೀತಿಯನ್ನು ಅದರ ಮೇಲೆ ಹೇರಿದಂತೆ.

ನಮ್ಮ ಅಸಹನೆ ನಿಜಕ್ಕೂ ಪರಾವಲಂಬನೆಯ ಮೇಲಿನದೂ ಅಲ್ಲ. ಶ್ರೀಗಂಧವೂ ಬೇರಿನ ಪರಾವಲಂಬಿ. ಹಸಿರೆಲೆ ಇದ್ದರೂ ಅದರ ಬೇರು ನೆರೆಯ ಗಿಡಗಳ ಬೇರಿಗೆ ಅಂಟಿ ನೀರು, ಸತ್ವ ಹೀರುತ್ತದೆ. 1871ರಲ್ಲಿ ಸಸ್ಯವಿಜ್ಞಾನಿ ಜಾನ್ ಸ್ಕಾಟ್ ಇದನ್ನು ಗುರುತಿಸಿದರು. ಇಂದಿಗೂ ನರ್ಸರಿಗಳಲ್ಲಿ ಗಂಧದ ಸಸಿಯ ಚೀಲದಲ್ಲಿ ಅದನ್ನು ಸಾಕಲೆಂದು ತೊಗರಿಯಂಥ ಗಿಡ ಹಚ್ಚುವುದುಂಟು. ಆದರೂ ನಾಡನ್ನೇ ಗಂಧದ ಗುಡಿ ಎಂದು ಕರೆದುಕೊಂಡು ಹೆಮ್ಮೆಪಡುತ್ತೇವೆ. ಪರಿಮಳ ಮತ್ತು ಬೆಲೆ ಇದ್ದರೆ ಹಂಗಿನ ಬದುಕೂ ಪೂಜ್ಯ. ಎರಡೂ ಇಲ್ಲದಿದ್ದರೆ ಕಳೆ. ಇದು ಮಾರುಕಟ್ಟೆಯ ಲೆಕ್ಕ, ನೀತಿಯಲ್ಲ.

ಉಪಯೋಗದ ವಾದವನ್ನೂ ಹೂಡಬಹುದು. ಸ್ಟ್ರೈಗಾ ಬೀಜವನ್ನು ಮೊಳೆಯಿಸುವ ವಸ್ತು 1966ರಲ್ಲಿ ಹತ್ತಿಯ ಬೇರಿನಿಂದ ದೊರೆಯಿತು. ಅದೇ ಗುಂಪಿನ ವಸ್ತುಗಳು ಗಿಡ ಕವಲೊಡೆಯುವುದನ್ನು ನಿಯಂತ್ರಿಸುವ ಹಾರ್ಮೋನುಗಳೆಂದು 2008ರಲ್ಲಿ ತಿಳಿಯಿತು. ಧಾರವಾಡದ ಮಾವಿನ ಮರಗಳಲ್ಲೂ ಕಾಣುವ ಬಂದಳಿಕೆಯ ಬಳಗದ ಸಸ್ಯಗಳನ್ನು ಆಸ್ಟ್ರೇಲಿಯಾದ ಕೆಲವು ಕಾಡುಗಳಿಂದ ತೆಗೆದು ನೋಡಿದಾಗ, ಅಲ್ಲಿನ ಹಕ್ಕಿಗಳ ಬಗೆಗಳಲ್ಲಿ ಐದನೇ ಒಂದು ಭಾಗಕ್ಕಿಂತ ಹೆಚ್ಚು ಇಲ್ಲವಾದವು. ಈ ಸಂಗತಿಗಳು ದೊಡ್ಡವೇ. ಆದರೆ ಉಪಯೋಗವೊಂದನ್ನೇ ನೆಚ್ಚಿ ಉಳಿಸಿದ ಜೀವವನ್ನು, ಉಪಯೋಗ ಮುಗಿದ ದಿನ ಕೈಬಿಡುತ್ತೇವೆ.

ನನ್ನ ವಾದ ಬೇರೆ. ಕಾಡು ಹೋದರೂ ಬೀಜ ಕಾಯ್ದಿಟ್ಟು ಬೇರೆಡೆ ಬೆಳೆಸಿದರಾಯಿತು ಎಂಬ ಸಮಾಧಾನ ಈ ಹೂವಿನ ವಿಷಯದಲ್ಲಿ ನಡೆಯದು. ಒಂಟಿಯಾಗಿ ಕುಂಡಕ್ಕೆ ತಂದರೆ ಸಾಯುತ್ತದೆ. ಇದು ಉಳಿಯಬೇಕಾದರೆ ಆಸರೆಯ ಹುಲ್ಲು ಉಳಿಯಬೇಕು, ಹುಲ್ಲಿನ ಬೇರು ಕದಡದ ಮಣ್ಣು ಬೇಕು, ಮಣ್ಣಿನ ತೇವ ಬೇಕು. ಇಂಥ ಹೂವನ್ನು ಕಾಯುವುದೆಂದರೆ ಒಂದು ಸಂಬಂಧವನ್ನು ಕಾಯುವುದು. ಸ್ವತಂತ್ರವಾಗಿ ಕಾಣುವ ಜೀವಗಳ ಬದುಕೂ ಹೀಗೆಯೇ ನಡೆಯುತ್ತದೆ. ಈ ಹೂವಿನಲ್ಲಿ ಅದು ಮರೆಯಿಲ್ಲದೆ ಕಾಣುತ್ತದೆ.

ಹಾಗಾದರೆ ಹೊಲಕ್ಕೊಂದು, ಕಾಡಿಗೊಂದು ನ್ಯಾಯವೇ? ಅಲ್ಲ. ಹೊಲದಲ್ಲಿ ಸ್ಟ್ರೈಗಾ ಒಂದು ಮನೆಯ ರೊಟ್ಟಿಗೆ ಕೈ ಹಾಕುತ್ತದೆ. ಅದರ ಬೀಜ ಮಣ್ಣಿನಲ್ಲಿ ಹತ್ತು ವರ್ಷಕ್ಕೂ ಮೀರಿ ಜೀವ ಹಿಡಿದಿರಬಲ್ಲದು, ವಂಶ ಅಳಿಯುವ ಭಯವಿಲ್ಲ. ಕಾಡಿನ ಏಜಿನೇಷಿಯಾ ಯಾರ ಅನ್ನವನ್ನೂ ಕಸಿದಿಲ್ಲ. ಹಸಿವು ಎಲ್ಲಿದೆ, ಅಳಿವು ಎಲ್ಲಿದೆ ಎಂದು ಕೇಳುವ ಒಂದೇ ಅಳತೆಗೋಲು ಎರಡೂ ಕಡೆ ಸಲ್ಲುತ್ತದೆ.

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪಂಚಾಯತಿಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಆಗಬೇಕು. ಕಾಡಂಚಿನ ಊರಿನವರು ಆ ದಾಖಲೆಯಲ್ಲಿ ಔಷಧಿ ಗಿಡಗಳ ಜೊತೆ ಇಂಥ ಹೂಗಳನ್ನೂ ಬರೆಸಲಿ, ಯಾವ ಗಿಡದ ಆಸರೆಯಲ್ಲಿವೆ ಎಂಬುದನ್ನು ಸೇರಿಸಿ. ಹುಬ್ಬಳ್ಳಿ-ಧಾರವಾಡದ ಕಾಲೇಜುಗಳ ಸಸ್ಯಶಾಸ್ತ್ರ ವಿದ್ಯಾರ್ಥಿಗಳು ಈ ಹೂವು ಕಂಡರೆ ಫೋಟೊ ತೆಗೆಯಲಿ, ಬುಡ ಕೀಳದಿರಲಿ. ಅದು ನಿಂತ ನೆಲ ಉಳಿದರೆ ಹೂವು ತಾನಾಗಿ ಉಳಿಯುತ್ತದೆ.