ಈ ಗಂಟೆ ಯಾರ ಲೆಕ್ಕಕ್ಕೆ?

ಅಮೆರಿಕದ ಅನೇಕ ಶಾಲೆಗಳಲ್ಲಿ ನರ್ಸ್‌ಗೋ, ಮಾತಿನ ತೊಂದರೆ ಇರುವ ಮಕ್ಕಳನ್ನು ನೋಡಿಕೊಳ್ಳುವ ಥೆರಪಿಸ್ಟ್‌ಗೋ ಆಗಾಗ ಒಂದು ಇಮೇಲ್ ಬರುತ್ತದೆ. ಇಂಥ ದಿನ, ಇಂಥ ನಿಮಿಷದಲ್ಲಿ ನೀವು ಏನು ಮಾಡುತ್ತಿದ್ದಿರಿ? ಯಾರ ಜೊತೆಗಿದ್ದಿರಿ? ಯಾತಕ್ಕಾಗಿ? ಮೆಡಿಕೇಡ್ ಎಂಬ ಸರ್ಕಾರಿ ಆರೋಗ್ಯ ಯೋಜನೆಯಿಂದ ಹಣ ಪಡೆಯಲು ಶಾಲೆಗಳು ನಡೆಸುವ ಸಮೀಕ್ಷೆ ಇದು. ಕೆಲಸದ ಅಷ್ಟೂ ನಿಮಿಷಗಳಿಂದ ಚೀಟಿ ಎತ್ತಿದ ಹಾಗೆ ಕೆಲವನ್ನು ಕಂಪ್ಯೂಟರು ಆರಿಸುತ್ತದೆ. ಆ ಕೆಲವು ನಿಮಿಷಗಳೇ ಇಡೀ ಸಿಬ್ಬಂದಿಯ ದುಡಿಮೆಗೆ ಸಾಕ್ಷಿ ಹೇಳುತ್ತವೆ.

ಮೇಲ್ನೋಟಕ್ಕೆ ಇದು ಗುಮಾಸ್ತಿಕೆಯ ವಿಷಯ. ಆದರೆ ಒಳಗೆ ಹಳೆಯದೊಂದು ಪ್ರಶ್ನೆ ಕೂತಿದೆ. ಒಬ್ಬ ಮನುಷ್ಯನ ಹೊತ್ತನ್ನು ಪಾಲು ಹಾಕಿ, ಇಷ್ಟು ಇವರದು, ಇಷ್ಟು ಅವರದು ಎನ್ನಬಹುದೆ? ಪಾಲು ಮಾಡಲಾಗದ್ದರ ಬಗ್ಗೆ ಸಹಿ ಹಾಕಬೇಕಾಗಿ ಬಂದಾಗ ಸತ್ಯವಂತರು ಏನು ಬರೆಯಬೇಕು?

ಮೆಡಿಕೇಡ್‌ನಲ್ಲಷ್ಟೇ ಅಲ್ಲ, ಸರ್ಕಾರ ಶಾಲೆಗಳಿಗೆ ಕೊಡುವ ಶಿಕ್ಷಣದ ಅನುದಾನಗಳಲ್ಲೂ ಇಂಥ ಲೆಕ್ಕ ಕೇಳುತ್ತಾರೆ. ಅದಕ್ಕೆ ಕಾರಣವಿದೆ. 1965ರ ಏಪ್ರಿಲ್ 11ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಟೆಕ್ಸಾಸ್‌ನಲ್ಲಿ ತಾವು ಅಕ್ಷರ ಕಲಿತ ಪುಟ್ಟ ಶಾಲೆಯ ಬಳಿ, ತಮ್ಮ ಮೊದಲ ಶಿಕ್ಷಕಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊಸ ಶಿಕ್ಷಣ ಕಾಯಿದೆಗೆ ಸಹಿ ಹಾಕಿದರು. ಅದರ ‘ಟೈಟಲ್ ಒನ್’ ಭಾಗ ಬಡ ಮಕ್ಕಳ ಕಲಿಕೆಗೆಂದು ಹಣ ಎತ್ತಿಟ್ಟಿತು. ನಾಲ್ಕೇ ವರ್ಷದಲ್ಲಿ, 1969ರಲ್ಲಿ, ರೂಬಿ ಮಾರ್ಟಿನ್ ಮತ್ತು ಫಿಲ್ಲಿಸ್ ಮೆಕ್‌ಕ್ಲೂರ್ ಒಂದು ವರದಿ ಹೊರತಂದರು. ಬಡ ಮಕ್ಕಳ ಹೆಸರಿನ ಹಣ ಎಷ್ಟೋ ಕಡೆ ಶಾಲೆಗಳ ಸಾಮಾನ್ಯ ಖರ್ಚಿಗೆ ಸೇರಿಹೋಗಿತ್ತು. ಈ ಹಣ ಸ್ಥಳೀಯ ಹಣದ ಜಾಗಕ್ಕೆ ಬರಬಾರದು, ಅದರ ಮೇಲೆ ಹೆಚ್ಚುವರಿಯಾಗಿಯೇ ಸೇರಬೇಕು ಎಂದು 1970ರಲ್ಲಿ ಕಾಯಿದೆಯೇ ಹೇಳಬೇಕಾಯಿತು. ಶಾಲೆಯ ಖರ್ಚಿನಲ್ಲಿ ದೊಡ್ಡ ಪಾಲು ಸಂಬಳ. ಹಾಗಾಗಿ ಹಣದ ಜಾಡು ಹಿಡಿದವರು ಕೊನೆಗೆ ಶಿಕ್ಷಕರ ಗಂಟೆಗಳ ಬಳಿಗೇ ಬಂದರು.

ಅನುದಾನದಿಂದ ಕೊಡುವ ಸಂಬಳದ ಲೆಕ್ಕಕ್ಕೆ ಇದ್ದ ಹಳೆಯ ನಿಯಮ ಸರಳವಾಗಿತ್ತು, ಕಠಿಣವೂ ಆಗಿತ್ತು. ಒಂದೇ ಅನುದಾನದ ಕೆಲಸ ಮಾಡುವವರು ಆರು ತಿಂಗಳಿಗೊಮ್ಮೆ ಪ್ರಮಾಣಪತ್ರ ಕೊಟ್ಟರೆ ಸಾಕು. ಎರಡು ಮೂರು ಅನುದಾನಗಳ ನಡುವೆ ದುಡಿಯುವವರು ಮಾತ್ರ ತಿಂಗಳಿಗೊಮ್ಮೆಯಾದರೂ ತಮ್ಮ ನೂರಕ್ಕೆ ನೂರು ಹೊತ್ತಿನ ಲೆಕ್ಕ ಬರೆದು ಸಹಿ ಹಾಕಬೇಕು. 2013ರ ಡಿಸೆಂಬರ್‌ನಲ್ಲಿ ಪ್ರಕಟವಾದ ಹೊಸ ನಿಯಮಾವಳಿ ನಮೂನೆಗಳ ಹಿಡಿತವನ್ನು ಸಡಿಲಿಸಿತು, ತಿರುಳನ್ನು ಬಿಡಲಿಲ್ಲ: ದಾಖಲೆ ನಿಜವಾಗಿ ಮಾಡಿದ ಕೆಲಸವನ್ನು ತೋರಿಸಬೇಕು. ಬಜೆಟ್ಟಿನ ಅಂದಾಜು ಸದ್ಯಕ್ಕೆ ನಡೆಯುತ್ತದೆ. ಆಮೇಲೆ ನಿಜದೊಂದಿಗೆ ಹೋಲಿಸಿ ತಿದ್ದಲೇಬೇಕು.

ತೊಡಕು ಇರುವುದು ತರಗತಿಯಲ್ಲಿ. ಓದಿನಲ್ಲಿ ಹಿಂದುಳಿದ ಐವರು ಮಕ್ಕಳ ಮುಂದೆ ಶಿಕ್ಷಕಿಯೊಬ್ಬರು ಕೂತಿದ್ದಾರೆ ಎನ್ನಿ. ಒಂದು ಮಗು ಟೈಟಲ್ ಒನ್ ನೆರವಿಗೆ ಸೇರಿದ್ದು, ಇನ್ನೊಂದು ವಿಶೇಷ ಶಿಕ್ಷಣದ ಕಾಯಿದೆಯಡಿ ಬಂದದ್ದು, ಮತ್ತೊಂದು ಈಗಷ್ಟೇ ಇಂಗ್ಲಿಷ್ ಕಲಿಯುತ್ತಿರುವುದು. ಅವರು ಒಂದು ವಾಕ್ಯವನ್ನು ನಿಧಾನವಾಗಿ ಓದಿಸಿದರೆ ಐವರೂ ಕಲಿಯುತ್ತಾರೆ. ಆ ವಾಕ್ಯವನ್ನು ಯಾವ ನಿಧಿಗೆ ಹಚ್ಚುವುದು? ಫ್ರೆಂಚ್ ತತ್ತ್ವಜ್ಞಾನಿ ಆನ್ರಿ ಬರ್ಗ್‌ಸನ್ 1889ರ ತನ್ನ ಮೊದಲ ದೊಡ್ಡ ಕೃತಿಯಲ್ಲಿ ಹೇಳಿದ್ದು ಇದನ್ನೇ: ಗಡಿಯಾರದ ಕಾಲವನ್ನು ತುಂಡು ಮಾಡಬಹುದು, ಅನುಭವದ ಕಾಲ ಒಂದರೊಳಗೊಂದು ಬೆರೆತೇ ಹರಿಯುತ್ತದೆ. ಗಮನ ಎರಡನೆಯ ಜಾತಿಗೆ ಸೇರಿದ್ದು.

ಕುತೂಹಲದ ಸಂಗತಿಯೆಂದರೆ, ನಿಯಮಾವಳಿಗೂ ಇದು ಗೊತ್ತು. ವಿಶ್ವವಿದ್ಯಾಲಯಗಳಲ್ಲಿ ಪಾಠ, ಸಂಶೋಧನೆ, ಆಡಳಿತ ಬಿಡಿಸಲಾಗದಂತೆ ಹೆಣೆದುಕೊಂಡಿರುತ್ತವೆ, ಅಲ್ಲಿ ಕರಾರುವಾಕ್ಕಾದ ಲೆಕ್ಕ ಯಾವಾಗಲೂ ಸಾಧ್ಯವೂ ಅಲ್ಲ, ನಿರೀಕ್ಷಿತವೂ ಅಲ್ಲ ಎಂದು ಅದೇ ಒಪ್ಪಿಕೊಳ್ಳುತ್ತದೆ. ಆ ಮಾತು ಪ್ರೊಫೆಸರರ ಬಗ್ಗೆ. ಮೂರನೆಯ ತರಗತಿಯ ಶಿಕ್ಷಕಿಯ ಬಗ್ಗೆ ಅಂಥ ಮಾತಿಲ್ಲ.

ವಿಷಯ ಎಷ್ಟು ನಿಖರತೆಯನ್ನು ತಾಳಿಕೊಳ್ಳುತ್ತದೋ ಅಷ್ಟನ್ನೇ ಅದರಿಂದ ಕೇಳಬೇಕು ಎಂಬುದು ಅರಿಸ್ಟಾಟಲ್‌ನ ನೀತಿಶಾಸ್ತ್ರದ ಮೊದಮೊದಲ ತಿಳಿವು. ಅದನ್ನು ಇಲ್ಲಿಗೆ ತಂದರೆ ಸುಳ್ಳು ಎಲ್ಲಿದೆ ಎಂಬುದು ಸ್ಪಷ್ಟವಾಗುತ್ತದೆ. ‘ಸುಮಾರು ಅರ್ಧ ಹೊತ್ತು’ ಎಂದು ನೆನಪಿಸಿಕೊಂಡು ಬರೆಯುವುದರಲ್ಲಿ ಸುಳ್ಳಿಲ್ಲ. ಬಜೆಟ್ಟಿನಲ್ಲಿದ್ದ ಅರವತ್ತು–ನಲವತ್ತನ್ನು ತಿಂಗಳ ಮೊದಲ ದಿನವೇ ತುಂಬಿಟ್ಟು, ಕೊನೆಯ ದಿನ ಸಹಿ ಜಡಿಯುವುದರಲ್ಲಿದೆ. ಮೊದಲನೆಯದು ನಡೆದದ್ದನ್ನು ನೋಡಿ ಹೇಳಿದ ಒರಟು ಮಾತು. ಎರಡನೆಯದಕ್ಕೆ ಅಂಕಿ ನಿಖರವಾಗಿದ್ದರೂ ನೋಟವೇ ಇಲ್ಲ.

ಕನ್ನಡದ ಓದುಗರಿಗೆ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ಹೊಸದಲ್ಲ. ಚೆಲ್ಲಿದ ಅಕ್ಕಿ ಆಯುವ ಕಾಯಕದ ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಅದನ್ನು ಹಿಂದಕ್ಕೆ ಹಾಕಿ ಬರುವಂತೆ ಆಕೆ ಕಳಿಸಿದಳು. ಹೊತ್ತು ಎಷ್ಟು ಹಿಡಿಯಿತೆಂದು ಆಕೆ ಕೇಳಲಿಲ್ಲ. ತಂದದ್ದು ಈ ಕಾಯಕಕ್ಕೆ ಸಲ್ಲುವುದೋ ಇಲ್ಲವೋ ಎಂಬುದಷ್ಟೇ ಆಕೆಯ ಪರೀಕ್ಷೆ. ಅಂದಾಜು ಹೆಚ್ಚಾಗಿದ್ದರೆ ತಿದ್ದಿ ಹಣ ಮರಳಿಸಬೇಕೆಂಬ ನಿಯಮದ ಹಿಂದಿನ ನೀತಿಯೂ ಇದೇ. ಒಂದು ವ್ಯತ್ಯಾಸವಿದೆ. ಲಕ್ಕಮ್ಮ ತನ್ನ ಮನೆಯ ಒಲೆಯನ್ನು ತಾನೇ ನೋಡುತ್ತಿದ್ದಳು. ಆಡಿಟರ್ ದೂರದಲ್ಲಿ ಕೂತು ಕಾಗದ ನೋಡುತ್ತಾನೆ.

ಶಿಕ್ಷಕರ ಮೇಲಿನ ಈ ಲೆಕ್ಕದ ಹೊರೆ ಇಳಿಸುವ ದಾರಿಗಳು ಈಗಾಗಲೇ ಇವೆ. ನಿಗದಿತ ವೇಳಾಪಟ್ಟಿಯಂತೆ ಕೆಲಸ ಮಾಡುವವರಿಗೆ ಆ ವೇಳಾಪಟ್ಟಿಯನ್ನೇ ಆಧಾರವಾಗಿಟ್ಟುಕೊಂಡು ಆರು ತಿಂಗಳಿಗೊಮ್ಮೆ ದೃಢೀಕರಿಸುವ ಅವಕಾಶವನ್ನು ಶಿಕ್ಷಣ ಇಲಾಖೆ 2012ರಲ್ಲೇ ತೆರೆಯಿತು. ನೂರಕ್ಕೆ 40ಕ್ಕಿಂತ ಕಡಿಮೆಯಿಲ್ಲದಷ್ಟು ಬಡ ಮಕ್ಕಳಿರುವ ಶಾಲೆಗಳು ಬೇರೆ ಬೇರೆ ನಿಧಿಗಳನ್ನು ಒಟ್ಟುಗೂಡಿಸಿ ಇಡೀ ಶಾಲೆಗೆ ಬಳಸಬಹುದು. ಹಾಗೆ ಕೂಡಿಸಿದ ಹಣದಲ್ಲಿ ಶಿಕ್ಷಕಿಯ ಗಂಟೆಯನ್ನು ಚೂರು ಮಾಡುವ ಅಗತ್ಯ ಬೀಳುವುದಿಲ್ಲ.

ಬಡ ಮಕ್ಕಳ ಹಣಕ್ಕೆ ಲೆಕ್ಕ ಬೇಡವೆನ್ನುವ ವಾದವನ್ನು 1969ರ ವರದಿ ಓದಿದ ಯಾರೂ ಒಪ್ಪಲಾರರು. ಆದರೆ ಪ್ರೊಫೆಸರಿಗೆ ಕೊಟ್ಟ ವಿನಾಯಿತಿಯನ್ನು ಶಾಲೆಯ ಶಿಕ್ಷಕಿಗೆ ಕೊಡದಿರಲು ನ್ಯಾಯವಾದ ಕಾರಣವೂ ಇಲ್ಲ. ನಿಯಮಾವಳಿಯ ಮುಂದಿನ ಪರಿಷ್ಕರಣೆಯಲ್ಲಿ ಆ ಒಂದು ಸಾಲನ್ನು ಶಾಲೆಗಳಿಗೂ ಅನ್ವಯಿಸಬೇಕು.